ಹಲ್ಲಿನ ಡಾಕ್ಟರ ಖಾಲಿ ಗೋಡೆ

ಈ ಚಿತ್ರಕಾರ ಬಿಡಿಸುವುದು ಖಾಲಿ ಕುರ್ಚಿಗಳನ್ನು ಮಾತ್ರ. ಬೆತ್ತದ್ದು, ಮಡಚುವಂಥದ್ದು, ಒಂದು ಕಾಲು ಮುರಿದದ್ದು. ಕೊಳ್ಳುವವರ ಬಗ್ಗೆ ಅವನಿಗೊಂದು ಸಿದ್ಧಾಂತವಿದೆ: ಗಿರಾಕಿಯನ್ನು ಕೇಳಬಾರದು, ಬೆಳೆಸಬೇಕು.

ಹಾಗೆ ಬೆಳೆಸುತ್ತಿದ್ದವರಲ್ಲಿ ಮುಖ್ಯರು ಬೀದಿ ತುದಿಯ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್‌ನಲ್ಲಿ ರೋಗಿಗಳು ಕಾಯುವ ಕೋಣೆಯ ಗೋಡೆ ಬೆಳ್ಳಗೆ, ಬರಿದಾಗಿತ್ತು. ಅಲ್ಲಿ ತನ್ನದೊಂದು ಕುರ್ಚಿ ಏರಿದರೆ ಊರಿನ ಅರ್ಧ ಜನ ನೋಡುತ್ತಾರೆ ಎಂಬುದು ಚಿತ್ರಕಾರನ ಆಸೆ. ಅದಕ್ಕಾಗಿ ತನ್ನ ಗಟ್ಟಿಮುಟ್ಟಾದ ಹಲ್ಲುಗಳನ್ನು ವರ್ಷಗಟ್ಟಲೆ ತೋರಿಸಿಕೊಂಡು ಬಂದ. ಬಾಯಲ್ಲಿ ಉಪಕರಣ ಇಲ್ಲದಾಗಲೆಲ್ಲ ಡಾಕ್ಟರ ತಾಯಿಯ ಮಂಡಿನೋವು ವಿಚಾರಿಸಿದ.

"ಈ ಗೋಡೆಗೆ ಬೆಳಕು ಚೆನ್ನಾಗಿ ಬೀಳುತ್ತೆ ಸರ್. ಅವಸರ ಏನಿಲ್ಲ, ಸುಮ್ನೆ ಒಂದು ತಿಂಗಳು ಇಟ್ಟು ನೋಡಿ."

"ಚೆನ್ನಾಗಿದೆ. ಆದ್ರೆ ಖಾಲಿ ಕುರ್ಚಿ ಹಾಕಿದ್ರೆ ಇಲ್ಲಿಗೆ ಪೇಷಂಟೇ ಬರಲ್ಲ ಅಂದ್ಕೋತಾರೆ. ಮನೆಯವರನ್ನ ಕೇಳಿ ಹೇಳ್ತೀನಿ. ಎಲ್ಲಿ, ಆ ಅನ್ನಿ."

ಚಿತ್ರಕಾರನ ಹೆಂಡತಿಗೆ ಸಿದ್ಧಾಂತದಲ್ಲಿ ನಂಬಿಕೆ ಇರಲಿಲ್ಲ. "ಬೆಳೆಸಿದ್ದಾಯ್ತು, ಕೊಯ್ಲು ಯಾವಾಗ? ಬೇರೆಯವರು ದುಡ್ಡಿಗೋಸ್ಕರ ಹಲ್ಲು ಕಿರೀತಾರೆ. ನೀವೊಬ್ರೇ ದುಡ್ಡು ಕೊಟ್ಟು ಕಿರಿಯೋದು."

"ಇದೆಲ್ಲ ನಿಧಾನದ ಕೆಲಸ ಕಣೇ."

"ಹಲ್ಲು ಉದುರೋ ಅಷ್ಟು ನಿಧಾನವಾ?"

ಕೊನೆಗೊಂದು ದಿನ ಡಾಕ್ಟರೇ ಫೋನು ಮಾಡಿದರು: ಭಾನುವಾರ ಮನೆಗೆ ಬರುತ್ತೇನೆ, ಗೋಡೆಯ ವಿಷಯ ಮಾತಾಡಬೇಕು. ಗಂಡ ಹೆಂಡತಿ ಸೇರಿ ಕುರ್ಚಿಗಳ ಧೂಳು ಒರೆಸಿದರು. ಎಲ್ಲಕ್ಕಿಂತ ದೊಡ್ಡದಾದ ಆರಾಮಕುರ್ಚಿಯ ಚಿತ್ರವನ್ನು ಬಾಗಿಲಿಗೆ ಎದುರಾಗಿ ನಿಲ್ಲಿಸಿದರು.

ಡಾಕ್ಟರು ಬಂದರು, ಕಂಕುಳಲ್ಲಿ ಚಪ್ಪಟೆಯಾದೊಂದು ಪೊಟ್ಟಣ. ಕುರ್ಚಿಗಳ ಕಡೆ ತಿರುಗಲಿಲ್ಲ. ಚಿತ್ರಕಾರನ ಅತ್ತೆಯ ಮಂಡಿನೋವು ವಿಚಾರಿಸಿದರು. ಸೋಫಾದ ಮೇಲಿನ ಗೋಡೆಯನ್ನು ತಲೆ ವಾಲಿಸಿ ನೋಡಿದರು. "ಇಲ್ಲಿ ಬೆಳಕು ಚೆನ್ನಾಗಿ ಬೀಳುತ್ತೆ, ಅಲ್ವಾ?" ಎನ್ನುತ್ತ ಪೊಟ್ಟಣ ಬಿಚ್ಚಿದರು. ಎಣ್ಣೆ ಬಣ್ಣದಲ್ಲಿ, ಮುಳುಗುವ ಸೂರ್ಯನೆದುರು ಒಂದು ದವಡೆ ಹಲ್ಲು. "ನಿಮ್ಮನ್ನ ನೋಡಿ ನೋಡಿ ನಾನೂ ಶುರು ಮಾಡ್ದೆ. ಅವಸರ ಏನಿಲ್ಲ. ಒಂದು ತಿಂಗಳು ಇಟ್ಟು ನೋಡಿ, ಬೆಲೆ ಆಮೇಲೆ ಮಾತಾಡೋಣ."

ಚಿತ್ರಕಾರ ಆ ಹಲ್ಲನ್ನು ಬಹಳ ಹೊತ್ತು ನೋಡಿದ. "ಚೆನ್ನಾಗಿದೆ ಸರ್. ಮನೆಯವಳನ್ನ ಕೇಳಿ ಹೇಳ್ತೀನಿ."

ಮನೆಯವಳು ಪಕ್ಕದಲ್ಲೇ ನಿಂತಿದ್ದಳು. "ಕೇಳೋದೇನಿದೆ, ಇರ್ಲಿ ಬಿಡಿ," ಎಂದು ಆರಾಮಕುರ್ಚಿಯನ್ನು ಎತ್ತಿ ಡಾಕ್ಟರ ಎರಡೂ ಕೈಗೆ ಒಪ್ಪಿಸಿದಳು. "ಇದು ನಿಮ್ಮ ಗೋಡೆಗೆ. ಅದು ಇಲ್ಲಿರೋವರೆಗೂ ಇದು ಅಲ್ಲಿರ್ಲಿ."

ಈ ಸಲ ಬಾಯಿ ತೆರೆದು ನಿಂತವರು ಡಾಕ್ಟರು.

ಆರಾಮಕುರ್ಚಿ ಈಗಲೂ ಕ್ಲಿನಿಕ್‌ನ ಗೋಡೆಯ ಮೇಲಿದೆ. ಮಾರಾಟವಾಗಿಲ್ಲ, ವಾಪಸೂ ಬಂದಿಲ್ಲ. ಅದನ್ನು ನೋಡಬೇಕೆನಿಸಿದಾಗ ಚಿತ್ರಕಾರ ಹಲ್ಲು ನೋವೆಂದು ಹೇಳಿ ಹೋಗುತ್ತಾನೆ.