ರೇಡಿಯೇಟರಿನಲ್ಲಿ ಬೆಂದ ಮುದ್ದೆ

ಇವತ್ತು ಮಧ್ಯಾಹ್ನ, ಕುದಿಯುವ ಎಸರಿಗೆ ರಾಗಿಹಿಟ್ಟು ಬಿದ್ದ ವಾಸನೆ ಬಂದ ಕೂಡಲೇ ನಾನು ಎಂದಿನಂತೆ ಪೇಪರು ಅಗಲ ಮಾಡಿ ಮುಖ ಮರೆಸಿಕೊಂಡೆ. ಪಾಂಡವಪುರದವನಿಗೆ ಮುದ್ದೆ ವಾಸನೆಗೆ ನಾಚಿಕೆಯೇ ಎಂದು ನೀವು ಕೇಳಬಹುದು. ನನಗುಂಟು. ಅದರ ಕಾರಣ ನೇಪಾಳದಲ್ಲಿದೆ.

ನಾನು ನಿವೃತ್ತನಾದಾಗ ಹೆಂಡತಿ ಸರೋಜ ಕೇಳಿದ್ದು ಒಂದೇ: ಹಿಮದ ಬೆಟ್ಟವನ್ನು ಕಣ್ತುಂಬ ನೋಡಬೇಕು. ಶ್ರೀರಂಗಪಟ್ಟಣದ ಗೆಳೆಯ ಬಷೀರ್, ವರ್ಷಗಟ್ಟಲೆ ಮಾಕವಳ್ಳಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸಿದವನು, ನಮಗಾಗಿ ಒಂದು ಹಳೆಯ ವ್ಯಾನಿಗೆ ಮಂಚ, ಒಲೆ, ನೀರಿನ ಡ್ರಮ್ಮು ಕೂರಿಸಿಕೊಟ್ಟ. "ಓಡ್ಸೋಕ್ ಬಂದ್ರೆ ಸಾಲ್ದು ಕಣ್ಲಾ, ಗಾಡಿ ಕಷ್ಟಸುಖಾನೂ ತಿಳ್ಕೊಬೇಕು" ಎಂದ. ನನಗೆಲ್ಲಾ ಗೊತ್ತು ಎಂದು ಜಂಬ ಕೊಚ್ಚಿದೆ. ಗೊತ್ತಿದ್ದದ್ದು ಹಾರ್ನ್ ಎಲ್ಲಿದೆ ಎಂಬುದಷ್ಟೇ.

ನೇಪಾಳದ ಏರುದಾರಿಯಲ್ಲಿ ರೇಡಿಯೇಟರು ಸೋರತೊಡಗಿತು. ಬಷೀರನಿಗೆ ಫೋನು ಮಾಡಿದೆ. "ತಣ್ಣಗಾದ್ಮ್ಯಾಲೆ ಒಂದ್ ಹಿಡಿ ಅರಿಶಿನ ಆಕು. ಸಣ್ಣ ತೂತಾದ್ರೆ ಮುಚ್ಕತದೆ. ಅಲ್ಲಿಂದ ಗ್ಯಾರೇಜು ಸೇರ್ಕೊ" ಎಂದ. ಸರೋಜ ನಲ್ಲಿ ಹುಡುಕಿಕೊಂಡು ಹೋಗಿದ್ದಳು. ಡಬ್ಬಿಯಲ್ಲಿ ಅರಿಶಿನ ತಳ ಕಂಡಿತ್ತು, ಪಕ್ಕದಲ್ಲೇ ರಾಗಿಹಿಟ್ಟಿನ ಚೀಲವಿತ್ತು. ಪುಡಿಗೆ ಜಾತಿಯೇನು ಎಂದುಕೊಂಡು ಧಾರಾಳವಾಗಿ ಹಾಕಿದೆ.

ಅವಳು ಬಂದಳು, ಹೊರಟೆವು. ಎರಡು ತಿರುವು ದಾಟುವಷ್ಟರಲ್ಲಿ ಸರೋಜ ಮೂಗರಳಿಸಿ, "ರೀ, ಯಾರೋ ಮುದ್ದೆ ಮಾಡ್ತಾವ್ರೆ!" ಎಂದಳು. ಅಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು.

ವ್ಯಾನನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಮೇಸ್ತ್ರಿ ಒಳಗಿನಿಂದ ಕಂದು ಮುದ್ದೆಯೊಂದನ್ನು ಕಿತ್ತು, ಮೂಸಿ, "ಢಿಡೋ!" ಎಂದು ಬಿದ್ದುಬಿದ್ದು ನಕ್ಕ. ಅವರ ಗುಡ್ಡಗಾಡಿನಲ್ಲೂ ರಾಗಿಮುದ್ದೆಯಂಥದ್ದೇ ಊಟವಂತೆ, ಅದರ ಹೆಸರು ಢಿಡೋ. ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು. ಹೊಸ ರೇಡಿಯೇಟರು ದೂರದ ಊರಿಂದ ಬರಬೇಕಿತ್ತು. ಲಾರಿಗೆ ಹೇರಿಸಿ ವಾಪಸ್ಸು ಹೋಗೋಣ ಎಂದೆ.

"ನಾ ಬಂದಿರೋದು ಬೆಟ್ಟ ನೋಡಕ್ಕೆ. ನೋಡ್ದೆ ಬರಾಕಿಲ್ಲ" ಎಂದು ಸರೋಜ ಸೆರಗು ಸಿಕ್ಕಿಸಿ ಗ್ಯಾರೇಜಿನಲ್ಲೇ ಸಂಸಾರ ಹೂಡಿಬಿಟ್ಟಳು. ಮೇಸ್ತ್ರಿಯ ಹೆಂಡತಿಗೂ ಇವಳಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಸಂಜೆಯೊಳಗೆ ಇಬ್ಬರೂ ಒಂದೇ ಪಾತ್ರೆಯಲ್ಲಿ ಕೋಲಾಡಿಸುತ್ತಿದ್ದರು. ಅಂಥ ಧೈರ್ಯ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಒಂದು ಬೆಳಗ್ಗೆ ಮಂಜು ಸರಿದು, ಹಳೆ ಟಯರುಗಳ ರಾಶಿಯ ಹಿಂದೆ ಬೆಳ್ಳಗೆ ಬೆಟ್ಟ ಎದ್ದು ನಿಂತಿತ್ತು. ಸರೋಜ ಸೌಟು ಹಿಡಿದೇ ಅಳುತ್ತಿದ್ದಳು. ನಾನೂ ಹೋಗಿ ಅವಳ ಪಕ್ಕ ನಿಂತೆ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಕಲ್ಲು ಬಡಿದು ರೇಡಿಯೇಟರು ಹೋಯಿತೆಂದು ಬಷೀರನಿಗೆ ಹೇಳಿದೆ. ಊರಿಗೆ ಬಂದ ಮೇಲೆ ಸರೋಜ "ಭೂತಾನ್‌ಗೆ ಓಗುಮಾ" ಎಂದಾಗಲೆಲ್ಲ ಸೊಂಟನೋವು ಎಂದೆ. ಮತ್ತೆ ಗಾಡಿ ಕೆಟ್ಟರೆ ನನ್ನ ಬಂಡವಾಳ ಬಯಲಾದೀತೆಂಬ ಭಯ. ವ್ಯಾನು ಹಿತ್ತಲಲ್ಲಿ ಟಾರ್ಪಾಲು ಹೊದ್ದು ನಿಂತಿತು.

ಇವತ್ತು ಬಷೀರ್ ಊಟಕ್ಕೆ ಬಂದಿದ್ದ. ಮುದ್ದೆ ಮುರಿದು, "ಮಾಶಾಲ್ಲಾ! ರೇಡಿಯೇಟರ್ ಮುದ್ದೆ ಅಂಗೆ ಗಂಟಿಲ್ಲ ಕಣಕ್ಕಾ" ಎಂದವನೇ ನಾಲಿಗೆ ಕಚ್ಚಿಕೊಂಡ.

"ನಿಂಗ್ಯಾರು ಹೇಳಿದ್ದು?" ಎಂದೆ.

"ಸಾಮಾನ್ ಯಾವ್ದು ಅಂತ ಕೇಳಕ್ಕೆ ಆ ಮೇಸ್ತ್ರಿ ಅಕ್ಕನ ಫೋನಿಂದ ಇಂದೀಲಿ ಮಾತಾಡಿದ್ನಲ್ಲ, ಆವತ್ತೇ ಎಲ್ಲಾ ಏಳ್ದ. ಅಕ್ಕ ಫೋನ್ ಇಸ್ಕೊಂಡು, 'ಅಣ್ಣಾ, ಗೊತ್ತು ಅನ್ಬ್ಯಾಡಿ, ಅಂದ್ರೆ ಇವ್ರು ಇನ್ ಸ್ಟೇರಿಂಗ್ ಮುಟ್ಟಾಕಿಲ್ಲ' ಅಂದ್ರು. ನಾನೂ ಬಾಯಿ ಮುಚ್ಕೊಂಡೆ."

ಸರೋಜ ತಲೆಯೆತ್ತದೆ ನನ್ನ ತಟ್ಟೆಗೆ ಸಾರು ಬಿಟ್ಟಳು. ಇಷ್ಟು ದಿನ ಇಬ್ಬರೂ ನನ್ನ ಮೀಸೆಯ ಮಣ್ಣು ಒರೆಸುತ್ತ ಬಂದಿದ್ದರು. ನಾನೋ, ಅವಳ ಭೂತಾನ್ ಆಸೆಯನ್ನು ಟಾರ್ಪಾಲಿನಡಿ ಮುಚ್ಚಿಟ್ಟಿದ್ದೆ.

ಕೈತೊಳೆದು ಹಿತ್ತಲಿಗೆ ಹೋಗಿ ಟಾರ್ಪಾಲು ಎಳೆದು ಹಾಕಿದೆ. "ಬಷೀರಾ, ಭೂತಾನ್‌ಗೆ ಯಾವ ಕಡೆಯಿಂದ ಹೋಗ್ಬೇಕಲಾ?" ಎಂದು ಕೂಗಿದೆ.

ಉತ್ತರ ಅಡುಗೆಮನೆಯಿಂದ ಬಂತು: "ಈ ಸಲ ಡಬ್ಬಿ ತುಂಬ ಅರಿಶಿನ ನಾನೇ ಕಟ್ಕತೀನಿ ಕಣ್ರೀ!"