ಮೂರು ಫ್ರೇಮು ಉಳಿಸಿಕೊಂಡ ಸಂಜೆ

ತೊಂಬತ್ತೇಳರ ಬೇಸಿಗೆಯಲ್ಲಿ ಬರಿಗಣ್ಣಿಗೇ ಕಾಣುವ ಧೂಮಕೇತುವೊಂದು ಬಂದಿತ್ತು. ಹೊತ್ತು ಮುಳುಗಿದ ಮೇಲೆ ವಾಯವ್ಯದಲ್ಲಿ ಸ್ವಲ್ಪ ಹೊತ್ತು ನಿಂತು ಮರೆಯಾಗುತ್ತಿತ್ತು. ಹಡಗಲಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ಪಾಸ್‌ಪೋರ್ಟ್ ಫೋಟೋ ಬಿಟ್ಟು ಬೇರೇನೂ ತೆಗೆಯದ ನನಗೆ ಅದನ್ನು ಫಿಲ್ಮಿನಲ್ಲಿ ಹಿಡಿಯುವ ಹುಚ್ಚು ಹತ್ತಿತು. ಊರೊಳಗಿನ ದೀಪಗಳ ಬೆಳಕಿಗೆ ಅದರ ಬಾಲ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಮಾಗಳದ ಮದುವೆಯೊಂದನ್ನು ಒಪ್ಪಿಕೊಂಡಾಗ ನನ್ನ ಮನಸ್ಸೆಲ್ಲ ಆ ಊರಿನ ಕತ್ತಲ ಹೊಳೆದಂಡೆಯ ಮೇಲಿತ್ತು.

ಸಂಜೆ ಮದುಮಗಳನ್ನು ಕೊಟ್ಟೂರಿಗೆ ಕಳಿಸುವ ಹೊತ್ತಿಗೆ ಕೊನೆಯ ರೀಲಿನಲ್ಲಿ ಮೂರೇ ಫ್ರೇಮು ಉಳಿದಿದ್ದವು. ಧೂಮಕೇತುವಿಗಲ್ಲದೆ ಅವನ್ನು ಮುಟ್ಟಬಾರದೆಂದು ಮಧ್ಯಾಹ್ನವೇ ಗಟ್ಟಿ ಮಾಡಿಕೊಂಡಿದ್ದೆ. ಟೆಂಪೋ ಹೊರಡುವ ಮುಂಚೆ ಹುಡುಗಿಯ ಅಜ್ಜಿ ಅವಸರದಿಂದ ಬಂದಳು. ಇಡೀ ದಿನ ಒಲೆಯ ಮುಂದಿದ್ದವಳು ಮುಖ ತೊಳೆದು, ಹೊಸ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡಿದ್ದಳು.

"ಯಪ್ಪಾ, ನಮ್ಮಿಬ್ಬರದೊಂದು ತಗಿ. ಇಷ್ಟು ವಯಸ್ಸಾತು, ನಂದು ಒಂದ ಫೋಟೋನೂ ಇಲ್ಲ."

ಮೊಮ್ಮಗಳ ಕೈ ಹಿಡಿದು ನೆಟ್ಟಗೆ ನಿಂತಳು. ನಾನು ಕ್ಯಾಮೆರಾ ಎತ್ತಿದೆ. ಶಟರ್ ಒತ್ತಲಿಲ್ಲ, ಫ್ಲ್ಯಾಶಿನ ಹಿಂದಿರುವ ಗುಂಡಿಯನ್ನಷ್ಟೇ ಒತ್ತಿದೆ. ಝಗ್ಗೆಂದು ಬೆಳಕು ಬಿತ್ತು, ಫ್ರೇಮು ಖರ್ಚಾಗಲಿಲ್ಲ.

"ಆತಜ್ಜಿ," ಎಂದೆ.

ಹೊಳೆದಂಡೆಗೆ ಓಡಿದೆ. ಸ್ಟ್ಯಾಂಡ್ ನಿಲ್ಲಿಸಿ, ಶಟರ್ ತೆರೆದು, ಉಸಿರು ಬಿಗಿಹಿಡಿದು ಮೂವತ್ತು ಎಣಿಸಿದೆ. ಮೂರು ಸಲ. ಹೊಸಪೇಟೆಯ ಲ್ಯಾಬಿನಿಂದ ಪ್ರಿಂಟು ಬಂದಾಗ ಎರಡು ಅಲುಗಿದ್ದವು. ಮೂರನೆಯದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಕಣ್ಣಿಗೆ ಬರೀ ಮಸುಕಾಗಿ ಕಂಡಿದ್ದ ಬಾಲ ಅಲ್ಲಿ ಎರಡಾಗಿ ಕವಲೊಡೆದಿತ್ತು: ಒಂದು ಹಾಲಿನಂಥ ಬಿಳಿ, ಇನ್ನೊಂದು ತೆಳು ನೀಲಿ. ಕೆಳಗೆ ಹೊಳೆಯ ನೀರಿನಲ್ಲಿ ಇನ್ನೂ ಆರದ ಸಂಜೆಗೆಂಪು. ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದೆ. ಬಂದವರೆಲ್ಲ ಹೊಗಳಿದರು. ನಾನು ಬೀಗಿದೆ.

ಆಲ್ಬಮ್ ಕೊಟ್ಟು ತಿಂಗಳಾದ ಮೇಲೆ ಆ ಅಜ್ಜಿ ಬಸ್ಸು ಹಿಡಿದು ಒಬ್ಬಳೇ ಅಂಗಡಿಗೆ ಬಂದಳು.

"ಆಲ್ಬಮ್ಮಿನಾಗ ನಂದು ಇಲ್ಲಲ್ಲಪಾ. ಆ ಬೆಳಕಿಗೆ ನಾ ಕಣ್ಣು ಮುಚ್ಚಿದ್ನೇನ?"

ನಾನು ಹುಡುಕಬೇಕಿದ್ದ ಸುಳ್ಳನ್ನು ಅವಳೇ ತಂದುಕೊಟ್ಟಿದ್ದಳು.

"ಹೂಂನಜ್ಜಿ, ಕಣ್ಣು ಮುಚ್ಚಿದ್ರಿ. ಅದಕ್ಕ ಕೆಟ್ಟೋತು."

"ನಾನ ಕೆಡಿಸಿದೆ ಹಂಗಾರ," ಎಂದು ತಲೆ ತಗ್ಗಿಸಿದಳು.

ದುಡ್ಡು ಬೇಡ, ಇನ್ನೊಂದು ತೆಗೆಯುತ್ತೇನೆಂದು ಸ್ಟೂಲಿನ ಮೇಲೆ ಕೂರಿಸಿದೆ. ಮೊಮ್ಮಗಳು ಪಕ್ಕದಲ್ಲಿರಲಿಲ್ಲ. ರೆಪ್ಪೆ ಬಡಿಯಬಾರದೆಂದು ಅವಳು ಕಣ್ಣು ಎಷ್ಟು ಅಗಲಿಸಿ ಕೂತಳೆಂದರೆ, ನಾನು ಫೋಕಸ್ ಮಾಡುವಷ್ಟರಲ್ಲಿ ಎರಡೂ ಕಣ್ಣಿಂದ ನೀರು ಇಳಿಯಿತು. ಹಾಗೆಯೇ ತೆಗೆದೆ. ಆಗಲಾದರೂ ನಿಜ ಹೇಳಬಹುದಿತ್ತು.

ಎರಡು ವರ್ಷದ ನಂತರ, ತವರಿಗೆ ಬಂದಿದ್ದ ಮೊಮ್ಮಗಳು ತನ್ನ ಕೂಸಿನ ಫೋಟೋ ತೆಗೆಸಲು ಬಂದಳು. ಅಜ್ಜಿಯನ್ನೂ ಕರೆತರಬಹುದಿತ್ತಲ್ಲ ಎಂದೆ.

"ಆಕಿ ಎಲ್ಲಿ ಬರ್ತಾಳಣ್ಣ. ನನ್ನ ತಮ್ಮನ ಮದುವಿಯಾಗೂ ಫೋಟೋಕ್ಕ ನಿಂದ್ರಲಿಲ್ಲ. ‘ನನ್ನ ಕಣ್ಣು ಎಲ್ಲಾರ ಫೋಟೋ ಕೆಡಸ್ತಾವು’ ಅಂತಾಳ."

ಕ್ಯಾಮೆರಾ ಕೆಳಗಿಟ್ಟೆ. ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಗೋಡೆಯ ಮೇಲಿನ ಧೂಮಕೇತುವನ್ನು ನೋಡಿದಳು, ನನ್ನನ್ನು ನೋಡಿದಳು.

"ನನಗ್ಯಾಕ ಹೇಳ್ತೀರಿ? ಆಕಿಗೆ ಹೇಳ್ರಿ," ಎಂದು ಕೂಸನ್ನೆತ್ತಿಕೊಂಡು ಹೊರಟುಹೋದಳು.

ಆ ಭಾನುವಾರ ಮಾಗಳಕ್ಕೆ ಹೋದೆ. ಅಜ್ಜಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ತಡವರಿಸುತ್ತ ಎಲ್ಲವನ್ನೂ ಹೇಳಿದೆ.

"ಹಂಗಾರ ನಾ ಕಣ್ಣು ಮುಚ್ಚಿರಲಿಲ್ಲ?"

"ಇಲ್ಲಜ್ಜಿ. ನಿಮ್ಮದೇನೂ ತಪ್ಪಿಲ್ಲ."

"ಎರಡು ವರ್ಷ ಆತಲ್ಲೋ," ಎಂದಳು ಮೆಲ್ಲಗೆ. ಬೈಯಲಿಲ್ಲ. ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು.

ಕ್ಯಾಮೆರಾ ತಂದಿದ್ದೆ. ಒಂದು ತೆಗೆಯಲೇ ಎಂದು ಬಾಗಿಲಲ್ಲಿದ್ದ ಮೊಮ್ಮಗಳನ್ನು ಕೇಳಿದೆ. ಉತ್ತರ ಒಳಗಿನಿಂದ ಬಂತು: "ಇವತ್ತ ಬ್ಯಾಡ ಅನ್ನು."

ಇವತ್ತು ಬೇಡ ಎಂದಳೇ ಹೊರತು ಯಾವತ್ತೂ ಬೇಡ ಎಂದಿರಲಿಲ್ಲ. ಇನ್ನೊಂದು ದಿನ ಹೋಗಬಹುದಿತ್ತು. ಮುಖ ತೋರಿಸಲಾಗದೆ ಹೋಗಲಿಲ್ಲ.