ಬಸ್ಸಿನ ಹಿಂದೆ ಕಾರು

ಅಮ್ಮನನ್ನು ನಾನು ಆಲ್ಪ್ಸ್ ಪರ್ವತಗಳಿಗೆ ಕರೆದುಕೊಂಡು ಹೋದದ್ದು ಲಂಚವಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನೇನೋ ದೊಡ್ಡ ಮನಸ್ಸಿನ ಮಗಳು ಎಂದು ಯಾರಾದರೂ ತಿಳಿದುಕೊಂಡಾರು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಉಡುಪಿಯಿಂದ ಸಾಂಟಾ ಕ್ಲಾರಾದ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಗ್ರೀನ್ ಕಾರ್ಡೂ ಬಂದಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ದೋಸೆ ಮಗುಚುತ್ತಾ, "ಅಕ್ಟೋಬರಿನಲ್ಲಿ ಊರಿಗೆ ಹೋಗ್ತೇನೆ. ಇನ್ನು ಬರುವುದಿಲ್ಲ," ಎಂದಳು. ಜಗಳವಿಲ್ಲ, ಅಳುವಿಲ್ಲ.

"ಎಂತಾಯ್ತು ಅಮ್ಮಾ?"

"ಎಂತದ್ದೂ ಆಗಲಿಲ್ಲ. ಸಾಕು."

ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಏನಾದರೂ ಕೆಟ್ಟರೆ ಕಾರಣ ಹುಡುಕುವುದು ನನ್ನ ಚಾಳಿ. ಚಳಿಯಿರಬೇಕೆಂದು ಅವಳ ಕೋಣೆಗೆ ಬೇರೆ ಹೀಟರ್ ತಂದೆ. ಬೇಸರವಿರಬೇಕೆಂದು ಕನ್ನಡ ಚಾನೆಲ್ ಹಾಕಿಸಿದೆ. ಮಗಳು ಅಜ್ಜಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವುದು ಕಾರಣವಿರಬೇಕೆಂದು ಅವಳನ್ನು ಗದರಿದೆ. "ಐ ಡು ಟಾಕ್ ಟು ಹರ್!" ಎಂದು ಮಗಳು ಮುಖ ಊದಿಸಿಕೊಂಡಳು. ಅಮ್ಮನ ಮಾತು ಬದಲಾಗಲಿಲ್ಲ. ಕೊನೆಗೆ ಗಂಡ, "ಅತ್ತೆಗೆ ಒಂದು ಚೇಂಜ್ ಬೇಕು ಅನ್ಸುತ್ತೆ. ಎಲ್ಲಾದ್ರೂ ಹೋಗೋಣ," ಎಂದ. ಹಾಗೆ ಜುಲೈಯಲ್ಲಿ ನಾವು ನಾಲ್ವರೂ ಆಸ್ಟ್ರಿಯಾದ ಒಂದು ಕಣಿವೆಗೆ ಹೋದೆವು. ಅಮ್ಮ ಹೋಗುವುದು ನನಗೆ ಬೇಡವಾಗಿತ್ತು, ಅಷ್ಟೇ. ಹಿಮದ ಬೆಟ್ಟ ನೋಡಿದವರು ಮನಸ್ಸು ಬದಲಾಯಿಸುತ್ತಾರೆ ಎಂದು ನನಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ನಾವು ಉಳಿದುಕೊಂಡ ಮನೆಯ ಯಜಮಾನಿ ಬೀಗದ ಕೈಯ ಜೊತೆಗೆ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಕೊಟ್ಟಳು. ಅತಿಥಿಗಳ ಕಾರ್ಡಂತೆ. ಇರುವಷ್ಟು ದಿನ ಕಣಿವೆಯ ಯಾವ ಬಸ್ಸನ್ನು ಬೇಕಾದರೂ ಹತ್ತಬಹುದು, ಎರಡು ಕೇಬಲ್ ಕಾರುಗಳಲ್ಲಿ ಬೆಟ್ಟದ ಮೇಲಕ್ಕೆ ಹೋಗಬಹುದು, ಈಜುಕೊಳಕ್ಕೂ ಹೋಗಬಹುದು. ಬೇರೆ ಟಿಕೆಟ್ಟು ಬೇಕಿಲ್ಲ. ನಾನು ನನ್ನ ಕಾರ್ಡನ್ನು ಸೂಟ್‌ಕೇಸಿನ ಜೇಬಿಗೆ ತುರುಕಿದೆ. ವಿಮಾನ ನಿಲ್ದಾಣದಲ್ಲೇ ಕಾರು ಬಾಡಿಗೆಗೆ ತೆಗೆದುಕೊಂಡಿದ್ದೆ. ನಮ್ಮ ಬೇ ಏರಿಯಾದವರಿಗೆ ಕಾರಿಲ್ಲದೆ ರಜೆಯ ಕಲ್ಪನೆಯೂ ಬರುವುದಿಲ್ಲ. ಅಮ್ಮ ಮಾತ್ರ ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡಿ, ಅಳಿಯನ ಆಫೀಸಿನ ಬ್ಯಾಡ್ಜಿನ ದಾರ ಕೇಳಿ ತೆಗೆದುಕೊಂಡು, ಅದಕ್ಕೆ ಸಿಕ್ಕಿಸಿ ಕೊರಳಿಗೆ ಹಾಕಿಕೊಂಡಳು. ಸೀರೆ, ಸ್ವೆಟರು, ಬಿಳಿ ಶೂ, ಅದರ ಮೇಲೆ ಮೆನ್ಲೋ ಪಾರ್ಕಿನ ಕಂಪನಿಯ ನೀಲಿ ದಾರ. ಯಾವುದೋ ಸಮ್ಮೇಳನಕ್ಕೆ ಬಂದ ಪ್ರತಿನಿಧಿಯ ಹಾಗೆ ಕಾಣುತ್ತಿದ್ದಳು.

ಮೊದಲ ದಿನ ಕಾರಿನಲ್ಲಿ ಸುತ್ತಿಸಿದೆ. ಬೆಟ್ಟ ತೋರಿಸಿದೆ, ಜಲಪಾತ ತೋರಿಸಿದೆ, ಗಂಟೆ ಕಟ್ಟಿದ ದನಗಳನ್ನು ತೋರಿಸಿದೆ. ಅಮ್ಮ ಹಿಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕೇಳಿದಾಗಲೆಲ್ಲ "ಚಂದ ಉಂಟು" ಎಂದಳು. ಮದುವೆ ಮನೆಯಲ್ಲಿ ಸಪ್ಪೆ ಸಾರಿನ ಬಗ್ಗೆ ಹೇಳುವಾಗಿನ ಧ್ವನಿ ಅದು. ಲಂಚ ಕೆಲಸ ಮಾಡುತ್ತಿರಲಿಲ್ಲ.

ಮರುದಿನ ಕೇಬಲ್ ಕಾರಿನ ಹತ್ತಿರ ಕಾರು ನಿಲ್ಲಿಸಲು ಜಾಗವೇ ಸಿಗಲಿಲ್ಲ. ಗೊಣಗುತ್ತಾ ಕಾರನ್ನು ಮತ್ತೆ ಮನೆಯಲ್ಲಿ ಬಿಟ್ಟು, ಕಾರ್ಡು ಹಿಡಿದು ಬಸ್ ಸ್ಟಾಪಿಗೆ ಬಂದೆವು. ಬಸ್ಸು ದೂರದಲ್ಲಿ ಕಾಣಿಸಿದ್ದೇ ಅಮ್ಮ ರಸ್ತೆಯ ಅಂಚಿಗೆ ಹೋಗಿ ಕೈ ಅಡ್ಡ ಹಿಡಿದಳು. ಅದು ಹೇಗೂ ನಿಲ್ಲುವ ಜಾಗವೇ. ಹತ್ತಿದ ಮೇಲೆ ಯಂತ್ರಕ್ಕೆ ಕಾರ್ಡು ತೋರಿಸಿದಳು, ಅದು ಪಿಕ್ ಎಂದಿತು. ಅಮ್ಮ ಮುಂದೆ ಹೋಗದೆ ಡ್ರೈವರನ ಎದುರು ಕೈ ಚಾಚಿ ನಿಂತಳು.

"ಮುಂದೆ ನಡಿ ಅಮ್ಮಾ, ಹಿಂದೆ ಜನ ಇದ್ದಾರೆ."

"ಟಿಕೆಟ್ ಕೊಡಲಿಲ್ಲ ಇವನು."

"ಕಾರ್ಡೇ ಟಿಕೆಟ್."

"ಚೆಕ್ಕಿಂಗಿನವರು ಹತ್ತಿದರೆ?"

ಡ್ರೈವರನಿಗೆ ಏನು ಅರ್ಥವಾಯಿತೋ, ಪಕ್ಕದಲ್ಲಿದ್ದ ಬಸ್ಸಿನ ವೇಳಾಪಟ್ಟಿಯ ಕಾಗದವೊಂದನ್ನು ಅವಳ ಕೈಗಿಟ್ಟ. ಅಮ್ಮನಿಗೆ ಸಮಾಧಾನವಾಯಿತು. ಅದನ್ನು ಸಣ್ಣಕ್ಕೆ ಮಡಚಿ ವಾಚಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡು, ಡ್ರೈವರನ ಹಿಂದಿನ ಕಿಟಕಿ ಸೀಟಿನಲ್ಲಿ ಕುಳಿತಳು. ಅಮ್ಮ ಉಡುಪಿಯಿಂದ ಒಳಗಿನ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದವಳು. ನಾನು ಹುಟ್ಟುವ ಮೊದಲಿನಿಂದ ಅವಳು ನಿವೃತ್ತಳಾಗುವ ತನಕ ದಿನಾ ಬಸ್ಸಿನಲ್ಲೇ ಹೋಗಿ ಬಂದಳು, ದಿನಾ ಟಿಕೆಟ್ಟು ವಾಚಿನ ಪಟ್ಟಿಯೊಳಗೇ ಇರುತ್ತಿತ್ತು. ಕೇಬಲ್ ಕಾರಿನಲ್ಲಿ ಮೇಲೆ ಹೋದರೆ ಬೆಟ್ಟದ ತುದಿಯಲ್ಲಿ ನಿಜವಾದ ಹಿಮ ಇತ್ತು. ಅದನ್ನು ಮುಟ್ಟಿ ನೋಡಿ, "ಫ್ರಿಜ್ಜಿನದ್ದೇ," ಎಂದಳು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳ ಬಾಯಿ ಮುಚ್ಚಲಿಲ್ಲ. ಆ ತಿರುವಿನಲ್ಲಿ ಎದುರಿನ ಬಸ್ಸಿಗೆ ಹೇಗೆ ಜಾಗ ಬಿಟ್ಟ ನೋಡು, ಬ್ರೇಕು ಹಾಕಿದ್ದೇ ಗೊತ್ತಾಗಲಿಲ್ಲ ನೋಡು ಎಂದು ನನ್ನ ಗಂಡನಿಗೆ ತೋರಿಸುತ್ತಲೇ ಇದ್ದಳು.

ಅದರ ಮಾರನೆಯ ದಿನ ಗಂಡ ಮತ್ತು ಮಗಳು ಬೆಟ್ಟ ಹತ್ತಲು ಹೋಗಿದ್ದರು. ನನಗೆ ಸಂಜೆ ಒಂದು ಮೀಟಿಂಗು. ಅಲ್ಲಿ ಸಂಜೆ ಎಂದರೆ ನಮ್ಮ ಲ್ಯಾಬಿನಲ್ಲಿ ಬೆಳಿಗ್ಗೆ. ನಾನು ಲ್ಯಾಪ್‌ಟಾಪು ತೆರೆಯುವಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಾನು ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬರಲಾ?"

"ಒಬ್ಬಳೇ ಎಲ್ಲಿಗೂ ಬೇಡ ಅಮ್ಮಾ. ನಾಳೆ ನಾನೇ ಕರ್ಕೊಂಡು ಹೋಗ್ತೇನೆ."

ಮೀಟಿಂಗು ಮುಗಿಸಿ ನೋಡುತ್ತೇನೆ, ಅಮ್ಮ ಕೋಣೆಯಲ್ಲಿ ಇಲ್ಲ, ತೋಟದಲ್ಲಿ ಇಲ್ಲ. ಫೋನು ಚಾರ್ಜಿಗೆ ಹಾಕಿದಲ್ಲೇ ಇತ್ತು. ಶೂ ಇರಲಿಲ್ಲ.

ಕಾರು ತೆಗೆದು ಬಸ್ಸು ಹೋಗುವ ದಾರಿಯಲ್ಲೇ ಓಡಿಸಿದೆ. ಪ್ರತಿ ಸ್ಟಾಪಿನಲ್ಲೂ ಸೀರೆ ಹುಡುಕಿದೆ. ಮೂರು ಊರು ದಾಟಿದ ಮೇಲೆ ಮುಂದೆ ಒಂದು ಬಸ್ಸು ಸಿಕ್ಕಿತು. ತಿರುವಿನಲ್ಲಿ ಅದು ಅಡ್ಡವಾದಾಗ ಡ್ರೈವರನ ಹಿಂದಿನ ಕಿಟಕಿಯಲ್ಲಿ ಅಮ್ಮ ಕಂಡಳು. ಹಾರ್ನ್ ಹಾಕಿದೆ. ಅಮ್ಮ ತಿರುಗಿ ನೋಡಿದಳು, ನನ್ನ ಗುರುತೂ ಸಿಕ್ಕಿತು. ಕೈ ಬೀಸಿದಳು. ಅದು ಕರೆಯುವ ಕೈಯಲ್ಲ, ಸುಮ್ಮನೆ ಹೋಗು ಎನ್ನುವ ಕೈ. ಬಸ್ಸಿನ ಹಿಂದೆ ಕಾರು, ಕಾರಿನಲ್ಲಿ ಸಿಟ್ಟಿನಿಂದ ಕುದಿಯುತ್ತಿರುವ ನಾನು, ಹೀಗೆ ಕೊನೆಯ ಸ್ಟಾಪಿನ ತನಕ ಹೋದೆವು.

ಅಲ್ಲಿ ಒಂದು ಇಗರ್ಜಿ, ಒಂದು ನೀರಿನ ತೊಟ್ಟಿ, ಒಂದು ಬೆಂಚು. ಅಮ್ಮ ಇಳಿದು, ಡ್ರೈವರನಿಗೆ ತಲೆಯಾಡಿಸಿ, ಬೆಂಚಿನ ಮೇಲೆ ಕುಳಿತಳು.

"ನಿಂಗೆ ತಲೆ ಸರಿ ಉಂಟಾ ಅಮ್ಮಾ? ಫೋನ್ ಇಲ್ಲ, ಭಾಷೆ ಬರುವುದಿಲ್ಲ, ಏನಾದ್ರೂ ಆಗಿದ್ರೆ?"

"ಬಸ್ಸಿಗೆ ಎಂತ ಭಾಷೆ? ಹೋದ ಬಸ್ಸು ವಾಪಸ್ ಬರ್ತದೆ. ಟೈಮು ಇದರಲ್ಲಿ ಉಂಟು," ಎಂದು ವಾಚಿನ ಪಟ್ಟಿಯಿಂದ ಆ ಕಾಗದ ತೆಗೆದು ತೋರಿಸಿದಳು.

"ಒಂದು ಮಾತು ಕೇಳಿ ಹೋಗಬಹುದಿತ್ತಲ್ಲ?"

"ಕೇಳಿದ್ದೆನಲ್ಲ. ನೀನು ಬೇಡ ಹೇಳಿದೆ."

ಅಮ್ಮ ಕಾಗದವನ್ನು ಮತ್ತೆ ಮಡಚುತ್ತಾ ಹೇಳಿದಳು:

"ಮನೆಯಲ್ಲಿಯೂ ಹಾಗೆಯೇ ಅಲ್ವಾ. ಒಂದು ಕಟ್ಟು ಕೊತ್ತಂಬರಿಗೆ ನಿನ್ನನ್ನು ಕೇಳಬೇಕು. ಭಜನೆಗೆ ಹೋಗ್ಲಿಕ್ಕೆ ರೈಡು ಕೇಳಬೇಕು. ನೀನು ಇಲ್ಲ ಹೇಳುವುದಿಲ್ಲ, ಪಾಪ, ಕೆಲಸ ಬಿಟ್ಟು ಬರ್ತಿ. ಆದ್ರೆ ನಾನು ಕೇಳಬೇಕಲ್ಲ ಮಾರಾಯ್ತಿ. ಬಸ್ಸಿನಲ್ಲಿ ಹೋಗಿ ದುಡಿದು ಬಂದವಳು ನಾನು. ನಿಮ್ಮಲ್ಲಿಗೆ ಬಂದ ಮೇಲೆ ಯಾರ ಒಪ್ಪಿಗೆಗೂ ಕಾಯದೆ ಹೊರಗೆ ಕಾಲಿಟ್ಟದ್ದು ಇವತ್ತೇ."

"ಅದಕ್ಕಾ ಊರಿಗೆ ಹೋಗ್ತೇನೆ ಹೇಳಿದ್ದು?"

"ಮತ್ತೆಂತಕ್ಕೆ? ಚಳಿಗೆ ಅಂತ ಎಣಿಸಿದೆಯಾ?"

ಶನಿವಾರದ ಭಜನೆಗೆ ಒಂದು ಗಂಟೆ ಮೊದಲೇ ಸೀರೆ ಉಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವ ಅಮ್ಮ ಕಣ್ಣ ಮುಂದೆ ಬಂದಳು. ಶನಿವಾರವೂ ಲ್ಯಾಬಿಗೆ ಹೋದ ನಾನು ಫ್ರೀವೇಯಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬಂದರೂ ಅವಳು ಅಲ್ಲೇ ಇರುತ್ತಿದ್ದಳು. ಅದನ್ನು ನಾನು ಅವಳ ಉತ್ಸಾಹ ಎಂದುಕೊಂಡಿದ್ದೆ.

"ಆಯ್ತು, ಬಾ. ಕಾರು ಹತ್ತು."

"ನೀನು ಹೋಗು. ನಾನು ಇದರಲ್ಲೇ ಬರ್ತೇನೆ. ಕಾರ್ಡು ಉಂಟಲ್ಲ."

ಅವಳ ಜೊತೆ ಹತ್ತೋಣವೆಂದರೆ ನನ್ನ ಕಾರ್ಡು ಮತ್ತೆ ಸೂಟ್‌ಕೇಸಿಗೆ ಸೇರಿತ್ತು. ವಾಪಸ್ ಬರುವಾಗಲೂ ನಾನು ಬಸ್ಸಿನ ಹಿಂದೆಯೇ ಬಂದೆ. ಈ ಸಲ ಹಾರ್ನ್ ಹಾಕಲಿಲ್ಲ.

ಉಳಿದ ದಿನಗಳಲ್ಲಿ ಅಮ್ಮ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಊಟಕ್ಕೆ ಬರುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದರೆ, "ಹೀಗೇ, ಆ ಕಡೆ," ಎನ್ನುತ್ತಿದ್ದಳು. ಕೇಬಲ್ ಕಾರನ್ನು ಮತ್ತೆ ಹತ್ತಲಿಲ್ಲ. ಊರಿಗೆ ಹೋಗುವ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಸಾಂಟಾ ಕ್ಲಾರಾಕ್ಕೆ ಬಂದ ವಾರ, ಎಲ್ ಕಮಿನೋ ರಿಯಲ್ ರಸ್ತೆಯಲ್ಲಿ ಸಿಗ್ನಲಿಗೆ ನಿಂತಿದ್ದಾಗ ಅಮ್ಮ ಪಕ್ಕದ ಬಸ್ಸನ್ನು ತೋರಿಸಿ, "ಇದು ಎಲ್ಲಿಗೆ ಹೋಗ್ತದೆ?" ಎಂದಳು. ನನಗೆ ಗೊತ್ತಿರಲಿಲ್ಲ. ಅದು ನಮ್ಮ ಮನೆಯ ಬೀದಿಯ ತುದಿಯಲ್ಲೇ ನಿಲ್ಲುತ್ತದೆ, ಇಂಡಿಯನ್ ಅಂಗಡಿಗಳ ಎದುರಿಗೇ ಹೋಗುತ್ತದೆ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹತ್ತಿರಲಿಲ್ಲ. ನಮ್ಮವರಲ್ಲಿ ಬಸ್ಸೆಂದರೆ ಕಾರು ಕೆಟ್ಟವರ ಪಾಡು. ಅಮ್ಮಂದಿರಿಗೆ ಯಾರ ಕಾರಿನಲ್ಲಿ ಜಾಗ ಇದೆ ಎಂದು ಕೇಳುವುದಕ್ಕೇ ಒಂದು ವಾಟ್ಸಾಪ್ ಗುಂಪಿದೆ, ಬಸ್ಸಿನ ನಂಬರು ಅದರಲ್ಲಿ ಯಾರಿಗೂ ಗೊತ್ತಿಲ್ಲ.

ಹಿರಿಯರಿಗೆ ಕೊಡುವ ಬಸ್ ಕಾರ್ಡು ಮಾಡಿಸಿದೆ. ಮೊದಲ ದಿನ ಹಟ ಹಿಡಿದು ಜೊತೆಗೆ ಹೋದೆ. ದುಡ್ಡು ಎಲ್ಲಿ ಹಾಕಬೇಕೆಂದು ತಿಳಿಯದೆ ನಾನು ಬಾಗಿಲಲ್ಲೇ ತಡವರಿಸುತ್ತಿದ್ದರೆ, ಅಮ್ಮ ಅದೇ ನೀಲಿ ದಾರದ ಹೊಸ ಕಾರ್ಡನ್ನು ಮುಟ್ಟಿಸಿ ಮುಂದಿನ ಕಿಟಕಿಯಲ್ಲಿ ಕುಳಿತಾಗಿತ್ತು. ಆಲ್ಪ್ಸಿನ ಬಸ್ಸಿನ ಹಾಗೆ ಇದು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಒಮ್ಮೆ ತಪ್ಪು ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ನಡೆದು ಬಂದಳು. ಒಮ್ಮೆ ಯಾರೋ ಬಸ್ಸಿನಲ್ಲಿ ಜೋರಾಗಿ ಕಿರುಚಿಕೊಂಡರಂತೆ. "ಉಡುಪಿಯಲ್ಲಾದ್ರೆ ಇಷ್ಟೊತ್ತಿಗೆ ನಾಲ್ಕು ಬಸ್ಸು ಹೋಗ್ತಿತ್ತು," ಎಂದು ಬೈದಳು. ಬೈಯುತ್ತಲೇ ಮರುದಿನ ಹೊರಟಳು.

ಸೆಪ್ಟೆಂಬರಿನ ಒಂದು ಶನಿವಾರ ಅವಳನ್ನು ಭಜನೆಗೆ ಬಿಡಲೆಂದು ಲ್ಯಾಬಿನಿಂದ ಬೇಗ ಬಂದೆ. ಬಾಗಿಲ ಪಕ್ಕದ ಕುರ್ಚಿ ಖಾಲಿ. ಫೋನು ಮಾಡಿದರೆ, "ನೀನೆಂತಕ್ಕೆ ಬಂದೆ? ನಾನು ಬಸ್ಸಿನಲ್ಲಿದ್ದೇನೆ," ಎಂದು ಇಟ್ಟುಬಿಟ್ಟಳು. ಖಾಲಿ ಕುರ್ಚಿಯಲ್ಲಿ ನಾನೇ ಕುಳಿತೆ. ಇನ್ನು ಕೆಲವೇ ವಾರಗಳಲ್ಲಿ ಅಕ್ಟೋಬರು. ವಿಮಾನದ ಟಿಕೆಟ್ಟಿನ ವಿಷಯ ಎತ್ತಲು ನನಗೆ ಧೈರ್ಯವಿರಲಿಲ್ಲ.

ಭಜನೆ ಮುಗಿಸಿ ಅಮ್ಮ ದೊಡ್ಡ ಚೀಲ ಹೊತ್ತು ಬಂದಳು. ದಾರಿಯಲ್ಲಿ ಇಳಿದು ಬಸಳೆ ತಂದಿದ್ದಳು. ಶೂ ಬಿಚ್ಚಿ, ಕೊರಳಿನ ಕಾರ್ಡನ್ನು ತೆಗೆದು ಗೋಡೆಯ ಮೊಳೆಗೆ, ನಮ್ಮ ಕಾರಿನ ಬೀಗದ ಕೈಗಳ ಪಕ್ಕದಲ್ಲಿ ತೂಗುಹಾಕಿದಳು. ಆಮೇಲೆ ಬಸಳೆ ಬಿಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು:

"ಅಕ್ಟೋಬರಿಗೆ ನನ್ನ ಟಿಕೆಟ್ ಮಾಡ್ತಿ ಅಲ್ವಾ? ಹೋಗಿ ಬರುವುದಕ್ಕೆ ಮಾಡು."